ಕಾಗದಕ್ಕೆ ಇಟ್ಟ ದೃಷ್ಟಿಬೊಟ್ಟು

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದನ್ನು ಓದಿ ನನ್ನನ್ನು ಧೈರ್ಯವಂತೆ ಎಂದುಕೊಂಡೀರಿ. ಹಲ್ಲಿ ಲೊಚಗುಟ್ಟಿದರೆ ಅಂಜುತ್ತಿದ್ದೆ, ಕಾಲುವೆಯ ನೀರಿನ ಸದ್ದು ಹೆಚ್ಚಾದರೆ ಅಂಜುತ್ತಿದ್ದೆ, ಬೂಟು ಹಾಕಿಕೊಂಡವರು ಮನೆಯ ಮುಂದೆ ಹಾದುಹೋದರಂತೂ ಅಡುಗೆಮನೆಯ ಮೂಲೆ ಸೇರುತ್ತಿದ್ದೆ. ತವರುಮನೆ ಮಲಪನಗುಡಿಯಲ್ಲಿ ನನ್ನನ್ನು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಂಜಿದವರ ಮೇಲೆ ಕಪ್ಪೆ ಹಾಕಿದರು ಎನ್ನುತ್ತಾರಲ್ಲ, ನಮ್ಮಣ್ಣ ನಿಜವಾಗಿಯೂ ಹಾಕಿದ್ದ.

ಹದಿನಾರು ತುಂಬುವ ಮೊದಲೇ ಕಂಪ್ಲಿಗೆ ಕೊಟ್ಟರು. ಮನೆಯಲ್ಲಿದ್ದವರು ಮೂರೇ ಜನ: ನಾನು, ನಮ್ಮ ಮನೆಯವರು, ಅತ್ತೆ. ಮನೆಯವರು ಬೋರ್ಡ್ ಶಾಲೆಯ ಮೇಷ್ಟ್ರು. ಅತ್ತೆಗೆ ಹೊಳೆದಂಡೆಯಲ್ಲಿ ಒಂದು ತುಂಡು ಬಾಳೆತೋಟ, ಒಂದು ಎಮ್ಮೆ, ಅದರ ಕರು, ಮತ್ತು ಇಡೀ ಓಣಿಯನ್ನು ಆಳುವಂಥ ಬಾಯಿ. ಅವರು ಅಂಜಿದ್ದನ್ನು ನಾನು ಕಂಡಿರಲಿಲ್ಲ. ಒಮ್ಮೆ ಒಲೆಯ ಹಿಂದೆ ಹಾವು ಬಂದಾಗ, ಕೈಯಲ್ಲಿದ್ದ ರೊಟ್ಟಿ ಬೇಯಿಸಿ ಮುಗಿಸಿ ಆಮೇಲೆ ಕೋಲು ತಂದ ಹೆಂಗಸು ಅದು.

ಯುದ್ಧ ಶುರುವಾಗಿ ಎರಡು ಮೂರು ವರ್ಷಗಳಾಗಿದ್ದವು. ಸೀಮೆಎಣ್ಣೆ ಹೋಯಿತು, ಒಳ್ಳೆಯ ಬಟ್ಟೆ ಹೋಯಿತು, ಕೊನೆಗೆ ಕಾಗದವೂ ಹೋಯಿತು. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಡಲು ಮುತ್ತುಗದ ಎಲೆ ಬಂತು. ಚಿಕ್ಕ ಮಕ್ಕಳಿಗೆ ಸ್ಲೇಟು ಸಾಕು, ಆದರೆ ಮೇಲಿನ ತರಗತಿಯವರು ಪರೀಕ್ಷೆ ಬರೆಯುವುದು ಯಾವುದರ ಮೇಲೆ? ನಮ್ಮ ಮನೆಯವರಿಗೆ ಅದೇ ಚಿಂತೆ. ಯಾವುದೋ ಖಾದಿ ಶಿಬಿರದಲ್ಲಿ ಕೈಕಾಗದ ಮಾಡುವುದನ್ನು ಅವರು ನೋಡಿ ಬಂದಿದ್ದರು. ಅಲ್ಲಿ ಹಳೆಯ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರಂತೆ. ನಮ್ಮಲ್ಲಿ ಚಿಂದಿ ಎಲ್ಲಿಯದು, ಚಿಂದಿಯನ್ನೇ ಉಡುತ್ತಿದ್ದ ಕಾಲ. ಕಬ್ಬಿನ ಸಿಪ್ಪೆ ಕೇಳಿದರೆ ಆಲೆಮನೆಯವರು ಕೊಡಲಿಲ್ಲ, ಬೆಲ್ಲದ ಒಲೆಗೆ ಅವರಿಗೆ ಅದೇ ಉರುವಲು. ಉಳಿದದ್ದು ಬಾಳೆಯ ದಿಂಡು. ಗೊನೆ ಕಡಿದ ಮೇಲೆ ಅದು ಯಾರಿಗೂ ಬೇಡ, ಬದುವಿನ ಮೇಲೆ ಕೊಳೆಯುತ್ತ ಬಿದ್ದಿರುತ್ತದೆ.

ಆ ದಿಂಡನ್ನು ಸೀಳಿ, ಕೊಚ್ಚಿ, ಸ್ವಲ್ಪ ಭತ್ತದ ಹುಲ್ಲು ಸೇರಿಸಿ, ಸುಣ್ಣದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದೆವು. ಮೂಗು ಬಿಡಲಾಗದ ನಾತ. ಆಮೇಲೆ ಬೂದಿನೀರಿನಲ್ಲಿ ಕುದಿಸಿ, ಕಾಲುವೆಗೆ ಒಯ್ದು ತೊಳೆದು ಕುಟ್ಟಬೇಕು. ಶಿಬಿರದಲ್ಲಿ ಕಾಲಿನಿಂದ ತುಳಿಯುತ್ತಿದ್ದರು ಎಂದು ಮನೆಯವರು ಹೇಳಿದ್ದೇ ತಡ, ಅತ್ತೆ ಕೆಂಡವಾದರು.

"ನಾಳಿಗೆ ಅದರ ಮ್ಯಾಲ ಅಕ್ಷರ ಕುಂದ್ರತಾವು. ಸರಸ್ವತಿನ್ನ ತುಳೀತೀಯೇನು? ಹಡದಾಕಿ ಮ್ಯಾಲ ಕಾಲಿಡು ಬೇಕಾದ್ರ."

"ಅವ್ವಾ, ಅದು ಇನ್ನಾ ಬಾಳಿದಿಂಡು."

"ಇವತ್ತು ದಿಂಡು. ನಾಳಿಗೆ?"

ಹೀಗಾಗಿ ತುಳಿಯುವ ಮಾತು ನಿಂತಿತು. ಒರಳು ಒನಕೆ ಬಂದವು, ಕುಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಸುಣ್ಣ ತಿಂದು ನನ್ನ ಅಂಗೈ ಎರಡೂ ಬಿರುಕುಬಿಟ್ಟಿದ್ದವು. ಸರಸ್ವತಿ ನನ್ನ ಮೇಲೆ ಕಾಲಿಟ್ಟಿದ್ದಳು, ಅದನ್ನು ಯಾರೂ ಕೇಳಲಿಲ್ಲ.

ಕುಟ್ಟಿದ ರಾಡಿಯನ್ನು ಒಂದು ಕಲ್ಲಿನ ತೊಟ್ಟಿಯಲ್ಲಿ ನೀರಿನೊಂದಿಗೆ ಕಲಸಿ, ಅದಕ್ಕೆ ಅನ್ನದ ಗಂಜಿ ಹಾಕುತ್ತಿದ್ದೆವು. ಕಸಬರಿಗೆಯ ಹಂಚಿಕಡ್ಡಿಗಳನ್ನು ಒತ್ತೊತ್ತಾಗಿ ದಾರದಿಂದ ಹೆಣೆದ ಒಂದು ಪುಟ್ಟ ಚಾಪೆ ಇತ್ತು. ಅದನ್ನು ಕಟ್ಟಿಗೆಯ ಚೌಕಟ್ಟಿನ ಮೇಲೆ ಹಾಸಿ, ತೊಟ್ಟಿಯಲ್ಲಿ ಮುಳುಗಿಸಿ ಎತ್ತಿದರೆ ನೀರು ಸೋರಿ ತೆಳ್ಳನೆಯ ಪದರ ನಿಲ್ಲುತ್ತದೆ. ಆ ಪದರವನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಒತ್ತಿ ನೀರು ಹಿಂಡಿ, ಗೋಡೆಗೆ ಅಂಟಿಸಿದರೆ ಒಣಗಿ ಕಾಗದವಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಮೊದಲ ಎರಡು ತಿಂಗಳು ನಾವು ಮಾಡಿದ್ದೆಲ್ಲ ಹಪ್ಪಳದಂತೆ ಮುರಿಯಿತು.

ಮೂರನೆಯ ತಿಂಗಳು ಚೆನ್ನಾಗಿ ಬಂತು. ಆಗ ಪಕ್ಕದ ಮನೆಯಾಕೆ ಬಂದು, ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಎಷ್ಟು ಚಂದ ಆಗ್ಯಾವ ನಿಮ್ಮ ಕಾಗದಾ" ಅಂದು ಹೋದಳು. ಮರುವಾರದ ರಾಡಿ ಇಡಿಯಾಗಿ ಹಳಸಿಹೋಯಿತು. ಸುಣ್ಣ ಕಡಿಮೆಯಾಗಿತ್ತು ಎಂದು ಮನೆಯವರು ಅಂದರು. ಅತ್ತೆ ಒಪ್ಪಲಿಲ್ಲ. ಮಗ ಶಾಲೆಗೆ ಹೋದಮೇಲೆ ನನ್ನನ್ನು ಕರೆದು, ಒಂದು ಗೇಣು ಕರಿದಾರ ತೆಗೆದರು. ಅದು ಮಗನ ಹಳೆಯ ಉಡಿದಾರ. ಸೊಂಟದಿಂದ ತೆಗೆದು ಹೊಸದು ಕಟ್ಟಿದ ಮೇಲೂ ಹಳೆಯದನ್ನು ಅವರು ಎಸೆದಿರಲಿಲ್ಲ. ಚಾಪೆಯ ಎಡಗಡೆಯ ಕೆಳಮೂಲೆಯಲ್ಲಿ, ಅಂಚಿನಿಂದ ಒಂದು ಬೆರಳು ಒಳಗೆ, ಅದರಿಂದ ಬಿಗಿಯಾಗಿ ಗಂಟು ಹಾಕಿಸಿದರು.

"ಕೂಸಿಗೆ ಗಲ್ಲದ ಮ್ಯಾಲ ಬೊಟ್ಟು ಇಡೂದಿಲ್ಲೇನು? ಇದೂ ಹಂಗ. ಅವಗ ಹೇಳಬ್ಯಾಡ ಮತ್ತ, ನಗತಾನ."

ಆ ಗಂಟಿನ ಮೇಲೆ ರಾಡಿ ತೆಳ್ಳಗೆ ಕೂರುತ್ತಿತ್ತು. ಒಣಗಿದ ಕಾಗದವನ್ನು ಬಿಸಿಲಿಗೆ ಹಿಡಿದರೆ ಆ ಮೂಲೆಯಲ್ಲಿ ಎಳ್ಳಿನಷ್ಟು ಬೆಳಕು ಕಾಣುತ್ತಿತ್ತು. ಹಾಗೆ ಹಿಡಿಯದಿದ್ದರೆ ಏನೂ ಕಾಣುತ್ತಿರಲಿಲ್ಲ. ಅತ್ತೆ ಪ್ರತಿ ಹಾಳೆಯನ್ನೂ ಸೂರ್ಯನಿಗೆ ತೋರಿಸಿ, ಬೊಟ್ಟು ನೋಡಿ, ಸಮಾಧಾನಪಟ್ಟು ಇಡುತ್ತಿದ್ದರು. ಆಮೇಲೆ ಒಂದು ಸಲವೂ ರಾಡಿ ಕೆಡಲಿಲ್ಲ. ಸುಣ್ಣ ಹೆಚ್ಚಿಸಿದ್ದೂ ನಿಜ ಎನ್ನಿ. ಅಂಚು ಕತ್ತರಿಸುವ ರೂಢಿ ನಮ್ಮಲ್ಲಿರಲಿಲ್ಲ, ಬೆರಳಗಲ ಕಾಗದವೂ ದಂಡವಾಗಬಾರದು. ಮಕ್ಕಳು ಬರೆದ ಪರೀಕ್ಷೆಯ ಹಾಳೆಗಳನ್ನೂ ಮನೆಯವರು ವಾಪಸು ತಂದು ತೊಟ್ಟಿಗೇ ಹಾಕುತ್ತಿದ್ದರು.

ಪಂಚಮಿಗೆ ನನ್ನನ್ನು ಕರೆದೊಯ್ಯಲು ಅಣ್ಣ ಬಂದ. ಅವನು ಹೊಸಪೇಟೆಯಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದ. ಆ ವರ್ಷ ಊರೂರಿನಲ್ಲೂ ಚಳವಳಿ. ಹುಡುಗರನ್ನು ಹಿಡಿದು ಬಳ್ಳಾರಿ ಜೈಲಿಗೆ ತುಂಬುತ್ತಿದ್ದಾರೆ ಎಂದು ದಿನಾ ಸುದ್ದಿ. ಅಣ್ಣ ಶೇಂಗಾ ಉಂಡೆ ತಿನ್ನುತ್ತ ನಮ್ಮ ಪೆಟ್ಟಿಗೆಯಲ್ಲಿದ್ದ ಕಾಗದದ ಕಟ್ಟು ನೋಡಿದ. ಅತ್ತೆ ಎಮ್ಮೆ ಹಿಂಡಲು ಹೋದ ಹೊತ್ತು ನೋಡಿ ಕೇಳಿದ.

"ತಂಗೀ, ಇದನ್ನ ನನಗ ಕೊಡು. ನಕಲು ಮಾಡೂ ಕೆಲಸ ಭಾಳ ಐತಿ. ನಿಮ್ಮತ್ತಿಗೆ ಹೇಳಬ್ಯಾಡ."

ನಕಲು ಯಾವುದರದು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಅಂಜಿಕೆಯಾಗುತ್ತದೆ ಎಂದು ಕೇಳಲಿಲ್ಲ. ಇಡೀ ಕಟ್ಟನ್ನು ನನ್ನ ಸೀರೆಯ ಗಂಟಿನೊಳಗೆ ಸುತ್ತಿ, ಗಾಡಿಯಲ್ಲಿ ಅದರ ಮೇಲೆಯೇ ಕುಳಿತು ತವರಿಗೆ ಹೋದೆ. ವಾಪಸು ಬಂದ ದಿನ ಅತ್ತೆ ಪೆಟ್ಟಿಗೆ ತೆರೆದು, "ಕಾಗದ ಎಲ್ಲಿ?" ಅಂದರು.

"ಇಲಿ ಕಡದಿದ್ದುವ್ರಿ ಅತ್ತಿ. ಹೋಗೂಕಿಂತ ಮೊದಲ ತೊಟ್ಟಿಗೆ ಹಾಕಿದ್ನಿ."

"ಹ್ಞೂಂ," ಅಂದರು ಅತ್ತೆ, ಪೆಟ್ಟಿಗೆ ಮುಚ್ಚಿದರು. ಅಷ್ಟೇ.

ಎರಡು ವಾರ ಕಳೆದಿರಬೇಕು. ಮನೆಯವರು ಹೊಸಪೇಟೆಗೆ ಹೋಗಿ ಮಧ್ಯಾಹ್ನ ಬಂದು ಊಟಕ್ಕೆ ಕುಳಿತರು. ಒಳ್ಳೆಯ ಹುರುಪಿನಲ್ಲಿದ್ದರು.

"ಅವ್ವಾ, ಹೊಸಪೇಟಿ ಟೇಶನ್ ಗೋಡಿಗೆ ಸರ್ಕಾರಕ್ಕ ಬೈದು ಚೀಟಿ ಹಚ್ಚ್ಯಾರ. ಯಾವುದರ ಮ್ಯಾಲ ಬರದಾರ ಗೊತ್ತೇನು? ಬಾಳಿನಾರಿನ ಕಾಗದದ ಮ್ಯಾಲ. ಈಗ ಕೈಕಾಗದ ಮಾಡೂ ಮನಿಗೆಲ್ಲಾ ಪೊಲೀಸರು ಹೊಂಟಾರ. ಅಲ್ಲೆ ಒಂದೆರಡು ಮನಿ ಅದಾವಲ್ಲ, ಅಲ್ಲಿ ಹಾಳಿ ತಗೊಂಡು ಬಿಸಲಿಗೆ ಹಿಡದು ನೋಡಿದ್ರಂತ."

"ಬಿಸಲಿಗ್ಯಾಕ?" ಅಂದರು ಅತ್ತೆ.

"ಚೀಟ್ಯಾಗ ಏನೋ ಒಂದು ಗುರುತು ಐತಂತ. ಸಿಕ್ಕವನ್ನ ಎರಡು ವರ್ಷ ಒಳಗ ಹಾಕತಾರ. ನಮ್ಮ ಕಾಗದಕ್ಕ ಗುರುತು ಎಲ್ಲಿಂದ ಬರಬೇಕು? ಪಲ್ಯಾ ಹಾಕು."

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಕೈಯಲ್ಲೇ ಉಳಿಯಿತು. ಅತ್ತೆಯ ಮುಖ ನೋಡಿದೆ. ಅವರು ಮಗನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ಗಂಟು ಕಟ್ಟಿದವಳು ನಾನು, ಕಟ್ಟು ಕೊಟ್ಟವಳು ನಾನು, ಜೈಲಿಗೆ ಹೋಗುವವರು ಇವರು. ಇವರು ಆ ಚುಕ್ಕೆಯನ್ನು ಒಮ್ಮೆಯೂ ನೋಡಿದವರಲ್ಲ. ಬಾಯಿ ಬಿಟ್ಟರೆ ಅಣ್ಣ ಹೋಗುತ್ತಾನೆ, ಬಾಯಿ ಮುಚ್ಚಿದರೆ ಗಂಡ. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ನನಗೆ ಆ ದಿನ ತಿಳಿಯಿತು.

ಅವರು ಮರಳಿ ಶಾಲೆಗೆ ಹೋದರು, ಅತ್ತೆ ಮೇವು ತರಲು ತೋಟಕ್ಕೆ ಹೋದರು. ನಾನು ಚಾಪೆ ತೆಗೆದುಕೊಂಡು ಗಂಟು ಬಿಚ್ಚಲು ಕುಳಿತೆ. ತಿಂಗಳುಗಟ್ಟಲೆ ನೀರು ಕುಡಿದ ಗಂಟು, ಉಗುರಿಗೆ ಜಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಬಿಚ್ಚಿದ ಮೇಲೆ ಇನ್ನೊಂದು ಅಂಜಿಕೆ ಹತ್ತಿತು. ಇದು ಗಂಡನ ಉಡಿದಾರ, ದೃಷ್ಟಿ ತಡೆಯಲೆಂದು ಅವರ ತಾಯಿ ಕಟ್ಟಿಸಿದ್ದು. ಪೊಲೀಸರು ಬರುವ ಹೊತ್ತಿಗೆ ಸರಿಯಾಗಿ ಕಾಯುವ ದಾರವನ್ನೇ ಬಿಚ್ಚಿದೆನಲ್ಲ, ನನ್ನಂಥ ಪಾಪಿ ಯಾರು? ಒಲೆಗೆ ಹಾಕಲು ಕೈ ಬರಲಿಲ್ಲ, ಎಸೆಯಲು ಮನಸ್ಸಾಗಲಿಲ್ಲ. ಕೊನೆಗೆ ಬಲಗೈಯ ಬಳೆಗಳ ಒಳಗೆ ಮಣಿಕಟ್ಟಿಗೆ ಸುತ್ತಿ ಕಟ್ಟಿಕೊಂಡೆ. ಅತ್ತೆಗೆ ಹೇಳಬೇಕೆಂದು ಮೂರು ಸಲ ಎದ್ದು ಮೂರು ಸಲ ಕುಳಿತೆ.

ಮರುದಿನ ಬೆಳಿಗ್ಗೆ ಬಟ್ಟೆ ಒಗೆಯಲು ಕಾಲುವೆಗೆ ಹೋದೆ. ಯಾವ ಸೀರೆ ಒಗೆದೆ, ಯಾವುದನ್ನು ಹಿಂಡಿದೆ, ಒಂದೂ ತಿಳಿಯಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ನಮ್ಮ ಓಣಿಗೆ ತಿರುಗುವಾಗ ಎದುರಿನಿಂದ ಇಬ್ಬರು ಕೆಂಪು ರುಮಾಲಿನ ಪೊಲೀಸರು ಬರುತ್ತಿದ್ದರು. ಹಿಂದೆ ಸೈಕಲ್ ನೂಕಿಕೊಂಡು ಇನ್ಸ್‌ಪೆಕ್ಟರು. ಪೊಲೀಸರ ನಡುವೆ ನಮ್ಮ ಮನೆಯವರು. ಶಾಲೆಯಿಂದಲೇ ಕರೆತಂದಿದ್ದರು, ಬೆರಳಿನಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಇತ್ತು. ಮುಖದಲ್ಲಿ ಮಾತ್ರ ಮನೆಗೆ ಬೀಗರನ್ನು ಕರೆತರುವ ಕಳೆ. ನಮ್ಮ ಬಾಗಿಲಿಗೆ ಬಂದದ್ದೇ ಅವರು ಉಪಚಾರ ಶುರುಮಾಡಿದರು.

"ಬರ್ರಿ ಸಾಹೇಬ್ರ, ಕುಂದ್ರಿ. ನಮ್ಮ ಕಾಗದ ನೋಡೇ ಹೋಗ್ರಿ. ಬೆಳಕಿಗೆ ಹಿಡದು ನೋಡ್ರಿ ಬೇಕಾದ್ರ, ಎಷ್ಟು ಸಮ ಐತಿ ಅಂತ."

ಆಗ ನನಗೆ ನೆನಪಾಯಿತು. ದನದ ಕೊಟ್ಟಿಗೆಯ ಗೋಡೆ! ಗಂಟು ಬಿಚ್ಚುವ ಗಡಿಬಿಡಿಯಲ್ಲಿ ನಾನು ಗೋಡೆಯನ್ನೇ ಮರೆತಿದ್ದೆ. ಎರಡು ದಿನದ ಹಿಂದೆ ತೆಗೆದ ಹಾಳೆಗಳು ಅಲ್ಲಿ ಒಂದೇ ಸಾಲಿನಲ್ಲಿ ಅಂಟಿಕೊಂಡಿದ್ದವು. ಶ್ರಾವಣದ ತಂಪಿಗೆ ಬೇಗ ಒಣಗುತ್ತಿರಲಿಲ್ಲ. ಪ್ರತಿಯೊಂದರ ಎಡಮೂಲೆಯಲ್ಲೂ ಬೊಟ್ಟು. ಬುಟ್ಟಿ ಕೆಳಗಿಳಿಸಿದೆ. ಓಡಿಹೋಗಿ ಎಲ್ಲವನ್ನೂ ಕಿತ್ತು ತೊಟ್ಟಿಗೆ ಹಾಕೋಣವೆಂದರೆ ಅವರಾಗಲೇ ಅಂಗಳದಲ್ಲಿದ್ದರು.

ಇನ್ಸ್‌ಪೆಕ್ಟರು ತೆಲುಗಿನವರು, ನಿಧಾನವಾಗಿ ಕನ್ನಡ ಆಡುತ್ತಿದ್ದರು. ಮೊದಲು ಜೇಬಿನಿಂದ ಒಂದು ಮಡಿಸಿದ ಹಾಳೆ ತೆಗೆದು ನನಗೆ ತೋರಿಸಿದರು. "ಇದು ನಿಮ್ಮ ಮನೆಯದಾ ಅಮ್ಮಾ?" ಅದು ನಮ್ಮ ಮನೆಯದೇ. ಕುಟ್ಟಿದ ಕೈಗೆ ಗೊತ್ತಾಗುವುದಿಲ್ಲವೇ? ಅದರ ಮೇಲಿನ ದುಂಡನೆಯ ಬರಹವೂ ಗೊತ್ತಾಯಿತು. ನಮ್ಮಣ್ಣ ಕಾಗದ ಬರೆದಾಗಲೆಲ್ಲ ಅದೇ ಅಕ್ಷರ ಬರುತ್ತಿತ್ತು. ಅಲ್ಲ ಎಂದು ತಲೆ ಅಲ್ಲಾಡಿಸಿದೆ.

"ಚಾಪೆ ಯಾರು ಕಟ್ಟಿದ್ದು?"

"ನಾನ್ರೀ."

ಚಾಪೆಯನ್ನು ತರಿಸಿಕೊಂಡು ಎಡಮೂಲೆಯ ಮೇಲೆ ಬೆರಳಾಡಿಸಿದರು. ಗಂಟು ಇದ್ದ ಕಡೆ ಎರಡು ಕಡ್ಡಿಗಳು ಕೊಂಚ ಅಗಲವಾಗಿದ್ದವು. ಬೆರಳು ಅಲ್ಲಿ ನಿಂತಿತು, ಮುಂದೆ ಹೋಯಿತು. ನಾನು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ತಾನೇ ಒಳಗೆ ಹೋಯಿತು. ದೇವರು ದೊಡ್ಡವನು, ಅವರು ಅಷ್ಟರಲ್ಲಿ ಕೊಟ್ಟಿಗೆಯ ಕಡೆ ತಿರುಗಿದ್ದರು.

"ಗೋಡೆ ಮೇಲಿರೋದು ತೆಗೀರಿ ಮೇಷ್ಟ್ರೇ."

ಮನೆಯವರು ಹೆಮ್ಮೆಯಿಂದ ಒಂದು ಹಾಳೆ ಬಿಡಿಸಿಕೊಟ್ಟರು. ಇನ್ಸ್‌ಪೆಕ್ಟರು ಅದನ್ನು ಅಂಗಳಕ್ಕೆ ತಂದು, ಮೋಡದ ನಡುವೆ ಬಿಸಿಲು ಬರುವವರೆಗೆ ಕಾದು, ಎರಡು ಕೈಯಲ್ಲಿ ಎತ್ತಿ ಹಿಡಿದರು. ನಾನು ಕಣ್ಣು ಮುಚ್ಚಿದೆ. ಇವರ ಕೈಗೆ ಬೇಡಿ ಹಾಕಿ ಓಣಿಯಲ್ಲಿ ನಡೆಸಿಕೊಂಡು ಹೋಗುವುದು ಕಣ್ಣು ಮುಚ್ಚಿದ್ದರೂ ಕಾಣುತ್ತಿತ್ತು.

"ಈ ಕೆಳಗಿನ ಅಂಚು ಯಾಕೆ ಹಿಂಗೆ ಹರಿದಿದೆ?"

ಕಣ್ಣು ತೆರೆದೆ. ಹಾಳೆ ತುಂಬ ಬಿಸಿಲು ಬಿದ್ದಿತ್ತು. ನಾರಿನ ಎಳೆಗಳು ಕಾಣುತ್ತಿದ್ದವು, ಬೊಟ್ಟು ಕಾಣಲಿಲ್ಲ. ಬೊಟ್ಟು ಇರಬೇಕಾದ ಮೂಲೆಯೇ ಇರಲಿಲ್ಲ. ಕೆಳಗಿನ ಅಂಚು ಉದ್ದಕ್ಕೂ ಎರಡು ಬೆರಳಗಲ ಹರಿದುಹೋಗಿತ್ತು. ಗೋಡೆಯ ಕಡೆ ನೋಡಿದೆ. ಸಾಲಿನಲ್ಲಿದ್ದ ಎಲ್ಲ ಹಾಳೆಗಳೂ ಕೆಳಗೆ ಹಾಗೆಯೇ ಅಂಕುಡೊಂಕಾಗಿ ಗಿಡ್ಡವಾಗಿದ್ದವು.

"ಏನು ಹೇಳ್ಲಿರೀ ಸಾಹೇಬ್ರ," ಎಂದರು ಅತ್ತೆ. ಇಷ್ಟು ಹೊತ್ತು ತೊಟ್ಟಿಯ ಹತ್ತಿರ ಕುಳಿತು ರಾಡಿ ಕಲಸುತ್ತಿದ್ದವರು ಎದ್ದೂ ಇರಲಿಲ್ಲ. "ಗಂಜಿ ಹಾಕಿರತೀವಿ. ಆ ವಾಸನಿಗೆ ಕರಾ ಹಗ್ಗ ಹರಕೊಂಡು ಬಂದು ಸಾಲಿಗೆ ಸಾಲು ನೆಕ್ಕಿಬಿಟ್ಟೈತಿ. ಸೊಸಿ ಕಾಲಿವಿಗೆ ಹೋಗಿದ್ದಳು, ನೋಡವ್ರು ಯಾರು? ನಮ್ಮ ಮನಿ ಸರಸ್ವತಿ ಕರದ ಹೊಟ್ಟಿ ಸೇರಿದಳು ನೋಡ್ರಿ."

ಕರು ಅಲ್ಲೇ ಗೂಟಕ್ಕೆ ನಿಂತು ಮೂಗು ನೆಕ್ಕಿಕೊಳ್ಳುತ್ತಿತ್ತು. ಪೊಲೀಸರಲ್ಲಿ ಒಬ್ಬ ನಕ್ಕುಬಿಟ್ಟ. ಇನ್ಸ್‌ಪೆಕ್ಟರು ನಗಲಿಲ್ಲ. ಇನ್ನೂ ಮೂರು ಹಾಳೆ ಬಿಡಿಸಿ ಬಿಸಿಲಿಗೆ ಹಿಡಿದರು, ಕಾಗದವಿಲ್ಲದ ಪೆಟ್ಟಿಗೆ ತೆಗೆಸಿದರು, ಒಳಗೆ ಬಂದು ದೇವರ ಜಗಲಿಯ ಕೆಳಗೂ ಕೈ ಹಾಕಿದರು. ಮನೆಯವರು ಅವರ ಹಿಂದೆಯೇ ನಡೆದು, ದಿಂಡು ಎಷ್ಟು ದಿನ ನೆನೆಯಬೇಕು ಎಂದು ವಿವರಿಸುತ್ತಿದ್ದರು. ಕೊನೆಗೆ ಇನ್ಸ್‌ಪೆಕ್ಟರು ಸೈಕಲ್ ಹತ್ತಿರ ಹೋಗಿ, "ಹುಷಾರಾಗಿರಿ ಮೇಷ್ಟ್ರೇ, ಕಾಲ ಸರಿಯಿಲ್ಲ" ಎಂದು ಹೇಳಿ ಹೊರಟರು. ಮನೆಯವರೂ ಪಾಠ ನಿಂತಿದೆ ಎಂದು ಶಾಲೆಗೆ ನಡೆದರು. ಹೋಗುವಾಗ ಕರುವಿಗೆ ಒಂದು ಮಾತು ಬೈದರು.

ನಾನು ಒರಳಿನ ಪಕ್ಕ ಕುಸಿದು ಕುಳಿತೆ. ಅತ್ತೆ ತಂಬಿಗೆಯಲ್ಲಿ ನೀರು ತಂದರು. ಕೊಡುವಾಗ ಅರ್ಧ ನೀರು ನನ್ನ ಮಡಿಲಿಗೆ ಚೆಲ್ಲಿತು. ಅವರ ಕೈ ಎಲೆಯ ಹಾಗೆ ನಡುಗುತ್ತಿತ್ತು. ಹಾವಿಗೆ ಹೆದರದ ಹೆಂಗಸಿನ ಕೈ. ಉಗುರಿನ ಸಂದಿಯಲ್ಲಿ ಹಸಿ ಕಾಗದದ ಚೂರುಗಳು ಇನ್ನೂ ಇದ್ದವು. ನಾನು ಕಾಲುವೆಯಲ್ಲಿದ್ದಾಗ ಅವರೊಬ್ಬರೇ ಇಡೀ ಸಾಲಿನ ಅಂಚನ್ನು ಹರಿದು ತೊಟ್ಟಿಗೆ ಹಾಕಿ, ಪೊಲೀಸರು ಇರುವಷ್ಟು ಹೊತ್ತೂ ಅದನ್ನೇ ಕಲಸುತ್ತ ಕೂತಿದ್ದರು. ಎದ್ದರೆ ಕಾಲು ನಡುಗುವುದು ಕಾಣುತ್ತದೆ ಎಂದು ಎದ್ದಿರಲಿಲ್ಲವೆಂದು ಈಗ ಹೊಳೆಯಿತು.

"ಅತ್ತೀ, ತಪ್ಪಾತ್ರಿ," ಎಂದೆ. ಅಳು ಬಂತು.

ಅತ್ತೆ ನನ್ನ ಬಲಗೈ ಹಿಡಿದು, ಬಳೆ ಸರಿಸಿ, ಕರಿದಾರ ಬಿಚ್ಚಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ದಾರವನ್ನು ಕಣ್ಣಿಗೆ ಒತ್ತಿಕೊಂಡು, ಈ ಸಲ ಚಾಪೆಗೆ ಕಟ್ಟದೆ ಚೌಕಟ್ಟಿನ ಕಟ್ಟಿಗೆಗೆ ಸುತ್ತಿ ಗಂಟು ಹಾಕಿದರು. ಅಲ್ಲಿ ರಾಡಿ ಮುಟ್ಟುವುದಿಲ್ಲ. ಗಂಟು ಬಿಗಿಯುತ್ತ, ನನ್ನ ಕಡೆ ನೋಡದೆ ಹೇಳಿದರು.

"ನಿಮ್ಮಣ್ಣಗ ಇನ್ನೊಮ್ಮೆ ಕೊಡೂ ಮುಂದ ಅಂಚು ಕತ್ತರಿಸಿ ಕೊಡು. ಹಳೆ ಚಾಪಿ, ಮತ್ತೇನು ಗುರುತು ಬಿದ್ದಿರತೈತೋ ಯಾರಿಗ್ಗೊತ್ತು. ಸುಮ್ಮನ ಇಲಿ ಮ್ಯಾಲ ಹಾಕಬ್ಯಾಡ."

ನಮ್ಮ ಮನೆಯವರಿಗೆ ಈ ವಿಷಯ ನಾವಿಬ್ಬರೂ ಹೇಳಲೇ ಇಲ್ಲ. ಅವರು ಬದುಕಿರುವವರೆಗೂ ಕೊಟ್ಟಿಗೆಯ ಗೋಡೆಯ ಹತ್ತಿರ ಕರು ಕಟ್ಟಬಾರದು ಎಂದು ಹೇಳುತ್ತಲೇ ಇದ್ದರು.

ದಸರೆಗೆ ಅಣ್ಣ ಮತ್ತೆ ಬಂದ. ಸೊರಗಿದ್ದ. ಏನೂ ಕೇಳದೆ ಸುಮ್ಮನೆ ಪಡಸಾಲೆಯಲ್ಲಿ ಕುಳಿತಿದ್ದ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಒಳಗೆ ಬಂದರು. ಪೆಟ್ಟಿಗೆಯಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಮುಂದಿಟ್ಟರು, ಅದರ ಮೇಲೆ ಕತ್ತರಿ ಇಟ್ಟರು. ಅವರ ಕೈ ಆಗಲೂ ನಡುಗುತ್ತಿತ್ತು. ನನ್ನದೂ ನಡುಗುತ್ತಿತ್ತು. ಒಬ್ಬರು ಹಾಳೆ ಹಿಡಿದು ಇನ್ನೊಬ್ಬರು ಕತ್ತರಿಸಿದೆವು, ಇಲ್ಲದಿದ್ದರೆ ಅಂಚು ನೆಟ್ಟಗೆ ಬರುತ್ತಿರಲಿಲ್ಲ.